ತೋಟಕ್ಕೆ ನಾಯಿ ಬಿಡಲು ಬರುವ ಮುನ್ನ: ಬೆಂಗಳೂರಿನ ಕುಟುಂಬಗಳಿಗೂ ನಮ್ಮ ಜಿಲ್ಲಾಡಳಿತಕ್ಕೂ ಒಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನಲ್ಲಿ ನಾಯಿ ಸಾಕಿರುವ ಕುಟುಂಬದವರು,
ಚಿಕ್ಕಬಳ್ಳಾಪುರ ಜಿಲ್ಲೆಯ ತೋಟದ ಮಾಲೀಕರು,
ಹಾಗೂ ಜಿಲ್ಲಾಧಿಕಾರಿಗಳು, ಪಶುಪಾಲನಾ ಇಲಾಖೆಯ ಉಪನಿರ್ದೇಶಕರು ಮತ್ತು ನಗರಸಭೆಯ ಪೌರಾಯುಕ್ತರು, ಚಿಕ್ಕಬಳ್ಳಾಪುರ.

ಮಾನ್ಯರೇ,

"ನಿಮ್ಮದು ತೋಟ ಇದೆಯಲ್ಲ, ನಮ್ಮ ನಾಯೀನ ಇಟ್ಕೋತೀರಾ? ಜಾತಿ ನಾಯಿ, ತುಂಬಾ ಸಾಧು." ಬಾಡಿಗೆ ಮನೆ ಬದಲಾದಾಗ, ಮಗಳ ಹೆರಿಗೆ ಹತ್ತಿರ ಬಂದಾಗ, ಮಗನಿಗೆ ವಿದೇಶದಲ್ಲಿ ಕೆಲಸ ಸಿಕ್ಕಾಗ, ನಾಯಿ ಸಾಕಿದ ಹಿರಿಯರು ತೀರಿಕೊಂಡಾಗ ಬೆಂಗಳೂರಿನ ಮನೆಗಳಿಂದ ನಮ್ಮ ಕಡೆಗೆ ಬರುವ ಕೋರಿಕೆ ಇದು. ನಂದಿ, ಮಂಚೇನಹಳ್ಳಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಪರಿಚಯದವರದೊಂದು ತೋಟ ಇದ್ದರೆ ಸಾಕು, ನಾಯಿಯ ಚಿಂತೆ ಕಳೆಯಿತು ಎಂಬ ಲೆಕ್ಕ. ಬಯಲಿದೆ, ಗಾಳಿಯಿದೆ, ಓಡಾಡಲು ಜಾಗವಿದೆ, ನಾಯಿ ಸುಖವಾಗಿರುತ್ತದೆ ಎಂದು ನೀವು ನಿಜವಾಗಿಯೂ ನಂಬಿ ಬರುತ್ತೀರಿ. ನಿಮ್ಮ ಪ್ರೀತಿಯ ಬಗ್ಗೆ ನಮಗೆ ಅನುಮಾನವಿಲ್ಲ.

ನಮ್ಮ ತಕರಾರಿರುವುದು ತೋಟದ ಮೇಲಿನ ಆ ನಂಬಿಕೆಯ ಬಗ್ಗೆ. ಮನೆಯೊಳಗೆ ಜನರ ಕಾಲಡಿಯಲ್ಲೇ ಬೆಳೆದ ನಾಯಿಗೆ ಬೇಕಾದದ್ದು ಎಕರೆಗಟ್ಟಲೆ ಜಾಗವಲ್ಲ, ದಿನವಿಡೀ ಕಣ್ಣೆದುರಿಗಿರುವ ಮನುಷ್ಯರು. ಮಾಲೀಕರು ಭಾನುವಾರ ಮಾತ್ರ ಬರುವ ತೋಟದಲ್ಲಿ ಆ ನಾಯಿ ಹಗಲೆಲ್ಲ ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಚೈನಿಗೆ ಬಿದ್ದಿರುತ್ತದೆ, ರಾತ್ರಿ ಕಾವಲಿಗೆಂದು ಬಿಡುಗಡೆಯಾಗುತ್ತದೆ. ಅದನ್ನು ನೋಡಿಕೊಳ್ಳುವವನು ಸಂಬಳದ ಆಳು. ಅವನಿಗೆ ನಾಯಿ ಬೇಕಿತ್ತೋ ಇಲ್ಲವೋ ಯಾರೂ ಕೇಳಿರುವುದಿಲ್ಲ. ಅವನು ಕೆಲಸ ಬಿಟ್ಟು ಊರಿಗೆ ಹೋದ ದಿನ ನಾಯಿಗೆ ಊಟ ಹಾಕುವವರು ಯಾರು ಎಂಬ ಪ್ರಶ್ನೆಗೆ ಬಹಳ ತೋಟಗಳಲ್ಲಿ ಉತ್ತರವಿಲ್ಲ.

ತೋಟದಲ್ಲಿ ಅಪಾಯಗಳೂ ಇವೆ. ಪಟ್ಟಣದ ನಾಯಿಗೆ ಅವು ಗೊತ್ತಿರುವುದಿಲ್ಲ, ಪಟ್ಟಣದವರಿಗೆ ಕಾಣುವುದಿಲ್ಲ. ಎಲ್ಲಕ್ಕಿಂತ ಮೊದಲು ಕೃಷಿ ಹೊಂಡ. ನಮ್ಮದು ವರ್ಷವಿಡೀ ಹರಿಯುವ ನದಿಗಳಿಲ್ಲದ ಜಿಲ್ಲೆ, ಹೀಗಾಗಿ ಹೊಂಡವಿಲ್ಲದ ತೋಟ ಕಡಿಮೆ. ಹೊಂಡದ ನಾಲ್ಕೂ ಇಳಿಜಾರಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನೀರು ಕುಡಿಯಲು ಬಗ್ಗಿದ ನಾಯಿ ಜಾರಿ ಬಿದ್ದರೆ ಎಷ್ಟು ಚೆನ್ನಾಗಿ ಈಜಿದರೂ ಮೇಲೆ ಹತ್ತಲಾರದು. ಉಗುರಿಗೆ ಹಿಡಿತ ಸಿಗದೆ ಒಂದೇ ಕಡೆ ಕೆರೆಯುತ್ತಾ ಕೆರೆಯುತ್ತಾ ಸುಸ್ತಾಗಿ ಮುಳುಗುತ್ತದೆ. ಲ್ಯಾಬ್ರಡಾರ್‌ನಂಥ ನೀರು ಕಂಡರೆ ಹಾರುವ ಜಾತಿಗೆ ಈ ಅಪಾಯ ಇನ್ನೂ ಹೆಚ್ಚು. ಹೊಂಡದ ಸುತ್ತ ನಾಯಿ ಹಾರಲಾಗದಷ್ಟು ಎತ್ತರದ ತಂತಿಬೇಲಿ ಹಾಕಿಸಬೇಕು. ನಾಲ್ಕೂ ಬದಿಯಲ್ಲಿ ದಡದ ಗೂಟಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗದ ಬಲೆಯನ್ನೋ, ಒಂದಕ್ಕೊಂದು ಬಿಗಿದ ಹಳೆ ಟೈರುಗಳನ್ನೋ ನೀರಿನೊಳಗೆ ಎರಡು ಮೂರು ಅಡಿ ಇಳಿಯುವಂತೆ ಬಿಡಬೇಕು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗಲೂ ಅದು ನೀರಿಗೆ ಮುಟ್ಟುವಷ್ಟು ಉದ್ದವಿರಬೇಕು. ಖರ್ಚು ಹೆಚ್ಚೇನಿಲ್ಲ. ಮನುಷ್ಯರ ಮಕ್ಕಳು ಬಿದ್ದರೂ ಅದೇ ಅವರನ್ನು ಉಳಿಸುತ್ತದೆ.

ಎರಡನೆಯದು ದ್ರಾಕ್ಷಿ. ಬೆಂಗಳೂರು ಬ್ಲೂ ಬೆಳೆಯುವ ನಾಡು ನಮ್ಮದು. ಚಪ್ಪರದಡಿ ಉದುರಿದ ಹಣ್ಣನ್ನು ನಾಯಿ ಖುಷಿಯಿಂದ ತಿನ್ನುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು ಈಗ ಪಶುವೈದ್ಯರ ಅಭಿಪ್ರಾಯ. ಎಷ್ಟು ತಿಂದರೆ ಅಪಾಯ ಎಂದು ಹೇಳಲು ಬರುವುದಿಲ್ಲ. ಒಂದು ನಾಯಿ ಗೊಂಚಲು ತಿಂದು ಅರಗಿಸಿಕೊಂಡರೆ ಇನ್ನೊಂದು ನಾಲ್ಕು ಹಣ್ಣಿಗೇ ವಾಂತಿ ಮಾಡಿಕೊಂಡು, ಒಂದೆರಡು ದಿನದಲ್ಲಿ ಮೂತ್ರ ನಿಂತು ಮಲಗುತ್ತದೆ. ಒಣದ್ರಾಕ್ಷಿಯೂ ಅಷ್ಟೇ. ಹುಣಸೆಯಲ್ಲೂ ಇದೇ ಆಮ್ಲ ಧಾರಾಳವಾಗಿದೆ, ಆದ್ದರಿಂದ ಮನೆಯ ಸಾರನ್ನು ನಾಯಿಯ ತಟ್ಟೆಗೆ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಸಾರಿನ ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ, ಅದು ಬೇರೆ.

ಮೂರನೆಯದು ವಿಷ. ಟೊಮೆಟೊ, ಹೂವು, ದ್ರಾಕ್ಷಿ ಎಲ್ಲಕ್ಕೂ ಔಷಧಿ ಹೊಡೆಯುತ್ತಾರೆ. ಖಾಲಿ ಡಬ್ಬಿ ಬದುವಿನಲ್ಲಿ ಬಿದ್ದಿರುತ್ತದೆ. ಜೊಲ್ಲು ಸುರಿಸುತ್ತಾ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ಮೈ ನಡುಗುತ್ತಿದ್ದರೆ ಕೀಟನಾಶಕವೆಂದೇ ತಿಳಿದು ಓಡಬೇಕು. ಅಟ್ರೋಪಿನ್ ಚುಚ್ಚುಮದ್ದು ಬೇಗ ಸಿಕ್ಕರೆ ಬದುಕಬಹುದು, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಇಲಿಪಾಷಾಣದ ಕೆಲವು ಕೇಕುಗಳ ಆಟ ಬೇರೆ: ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ, ಮೂರು ನಾಲ್ಕು ದಿನದ ಮೇಲೆ ಮೂಗು ಒಸಡುಗಳಲ್ಲಿ ರಕ್ತ ಜಿನುಗುತ್ತದೆ. ಅದಕ್ಕೆ ವಿಟಮಿನ್ ಕೆ1 ಅನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಕಾಡುಹಂದಿಗೆಂದು ಇಟ್ಟ ಸಿಡಿಮದ್ದು, ಉರುಳು, ನೇರ ಲೈನಿನಿಂದ ಕರೆಂಟ್ ಎಳೆದ ಬೇಲಿ, ಕೊಳಕುಮಂಡಲ ಹಾವು ಇವೂ ಇವೆ. ನಂದಿ, ಸ್ಕಂದಗಿರಿಯ ಬುಡದ ಹಳ್ಳಿಗಳಲ್ಲಿ ಚಿರತೆ ಓಡಾಡುತ್ತದೆ. ಚಿರತೆಗೆ ನಾಯಿ ಸುಲಭದ ಬೇಟೆ, ಚೈನಿಗೆ ಕಟ್ಟಿದ ನಾಯಿಗಂತೂ ಓಡುವ ದಾರಿಯೇ ಇಲ್ಲ.

ಹಾಗಾದರೆ ತೋಟದ ಮನೆಗೆ ಕೊಡಲೇಬಾರದೇ? ಕೊಡಬಹುದು. ಕುಟುಂಬ ಅಲ್ಲೇ ವಾಸವಿರಬೇಕು. ರಾತ್ರಿ ನಾಯಿ ಜಗಲಿಯಲ್ಲೋ ಹಜಾರದಲ್ಲೋ ಬಾಗಿಲು ಹಾಕಿಕೊಂಡು ಮಲಗಬೇಕು. ಮನೆಯ ಸುತ್ತ ಸ್ವಲ್ಪ ಜಾಗಕ್ಕಾದರೂ ಬೇಲಿ ಇರಬೇಕು. ಇಷ್ಟಿದ್ದರೆ ಬಹಳ ನಾಯಿಗಳು ನಮ್ಮ ಕಡೆ ಚೆನ್ನಾಗಿಯೇ ಬಾಳುತ್ತವೆ. ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ದಪ್ಪ ತುಪ್ಪಳದವು ಮತ್ತು ಪಗ್‌ನಂಥ ಚಪ್ಪಟೆ ಮೂತಿಯವು ಮಾತ್ರ ಬೇಡವೇ ಬೇಡ. ಏಪ್ರಿಲ್ ತಿಂಗಳ ಬಿಸಿಲು 35 ಡಿಗ್ರಿ ದಾಟುತ್ತದೆ, ತಗಡಿನಡಿ ಇನ್ನೂ ಹೆಚ್ಚು. ನಾಯಿಯ ಮೈಶಾಖ ಸಹಜವಾಗಿ 101ರಿಂದ 102.5 ಫ್ಯಾರನ್‌ಹೀಟ್. 106ಕ್ಕೆ ಹೋದರೆ ಅಂಗಾಂಗಗಳೇ ಕೆಡಲು ಶುರುವಾಗುತ್ತವೆ.

ಈಗ ಕೊಡುವ ಮಾತಿಗೆ ಬರೋಣ. ಮೊದಲು ಕೇಳಿಕೊಳ್ಳಬೇಕಾದ್ದು, ಕೊಡಲೇಬೇಕೇ?

ಬಸುರಿ ಇರುವ ಮನೆಯಲ್ಲಿ ನಾಯಿ ಇರಬಾರದು ಎಂದು ಹಿರಿಯರು ಹೇಳುತ್ತಾರೆ. ಅವರ ಮನಸ್ಸಿನಲ್ಲಿರುವ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಸೋಂಕು ಹರಡುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯಿಸದ ಮಾಂಸದಿಂದ. ನಾಯಿಗೆ ಲಸಿಕೆ ಮತ್ತು ಜಂತುಹುಳದ ಮಾತ್ರೆ ಸಮಯಕ್ಕೆ ಸರಿಯಾಗಿ ಆಗಿದ್ದು, ಮಗುವಿನ ಹತ್ತಿರ ಅದನ್ನು ಒಂಟಿಯಾಗಿ ಬಿಡದಿದ್ದರೆ ಸಾಕು. ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವಂತಿಲ್ಲ ಎಂದರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ತೋರಿಸಿ. ಸಂಘಗಳು ಬೈಲಾ ಮಾಡಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಅದರಲ್ಲಿದೆ. ವಿದೇಶಕ್ಕೆ ಹೋಗುವವರು ನಾಯಿಯನ್ನು ಕರೆದೊಯ್ಯಬಹುದು, ತಯಾರಿ ಮಾತ್ರ ಬೇಗ ಶುರುವಾಗಬೇಕು. ಯುರೋಪಿನ ದೇಶಗಳಿಗಾದರೆ ಮೊದಲು ಚರ್ಮದಡಿ ಕೂರಿಸುವ ಗುರುತಿನ ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, 30 ದಿನ ಕಳೆದ ಮೇಲೆ ರಕ್ತ ತೆಗೆದು ಲಸಿಕೆ ಹಿಡಿದಿದೆಯೇ ಎಂದು ನೋಡುವ ಪ್ರತಿಕಾಯ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ವೀಸಾ ಬಂದ ಮೇಲೆ ಓಡಾಡಿದರೆ ಆಗುವ ಕೆಲಸವಲ್ಲ ಇದು, ಆರು ತಿಂಗಳು ಮುಂಚೆಯೇ ಕೈಹಾಕಬೇಕು.

ತೀರಾ ವಯಸ್ಸಾಗಿ, ನೋವಿನಲ್ಲೇ ದಿನ ತಳ್ಳುತ್ತಿರುವ ನಾಯಿಯನ್ನು ಹೊಸ ಮನೆಗೆ ಕೊಡಬೇಡಿ. ಅದರ ಕೊನೆಯ ದಿನಗಳನ್ನು ನೀವೇ ನೋಡಿಕೊಳ್ಳಬೇಕು, ನಿಮ್ಮ ವೈದ್ಯರ ಮಾತು ಕೇಳಿಕೊಂಡು.

ಕೊಡಲೇಬೇಕು ಎಂದು ನಿರ್ಧಾರವಾದರೆ ಎರಡು ತಿಂಗಳ ಸಮಯ ಇಟ್ಟುಕೊಳ್ಳಿ. ಮನೆ ಖಾಲಿ ಮಾಡುವ ಹಿಂದಿನ ವಾರ ಶುರುಮಾಡಿದವರು ಸಿಕ್ಕಿದವರ ಕೈಗೆ ಕೊಡುತ್ತಾರೆ. ಹುಡುಕಾಟ ನಾಯಿಯನ್ನು ಈಗಾಗಲೇ ಬಲ್ಲವರಿಂದ ಶುರುವಾಗಲಿ: ಅದನ್ನು ವಾಕಿಂಗ್ ಕರೆದೊಯ್ಯುವ ಹುಡುಗ, ಪಕ್ಕದ ಮನೆಯವರು, ಹಬ್ಬಕ್ಕೆ ಬಂದಾಗ ಅದರ ಜೊತೆ ಆಡುವ ಸೋದರತ್ತೆಯ ಮಕ್ಕಳು. ಪರಿಚಿತ ವಾಸನೆಯ ಮನೆಗೆ ಹೋದ ನಾಯಿ ಅರ್ಧ ಗೆದ್ದಂತೆ. ಜಾಹೀರಾತು ಹಾಕುವುದಾದರೆ "ಉಚಿತ" ಎಂದೂ "ಇವತ್ತೇ ಬೇಕು, ಇಲ್ಲದಿದ್ದರೆ ಬೀದಿಗೆ" ಎಂದೂ ಬರೆಯಬೇಡಿ. ಆಪರೇಷನ್ ಆಗದ ಹೆಣ್ಣು ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಉಚಿತ ಎಂದರೆ ಮೊದಲು ಫೋನ್ ಮಾಡುವವರು ಮರಿ ಹಾಕಿಸಿ ಮಾರುವವರೇ. ವರ್ಷಕ್ಕೆರಡು ಸಲ ಬೆದೆ, ಒಂದೊಂದಕ್ಕೂ 63 ದಿನದ ಗರ್ಭ, ಅದು ಸುಸ್ತಾಗಿ ಸಾಯುವವರೆಗೂ ಇದೇ. ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡಿ, ಇದರಲ್ಲಿ ರಾಜಿ ಬೇಡ. ಹೊಲಿಗೆ ಒಣಗಲು 10ರಿಂದ 14 ದಿನ ಬೇಕು, ಆ ದಿನಗಳನ್ನು ನಾಯಿ ನಿಮ್ಮ ಮನೆಯಲ್ಲೇ ಕಳೆಯಲಿ. ಗಂಡು ನಾಯಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಮರಿಯಾಗಿಸುವ ಶಕ್ತಿ ಉಳಿದಿರುತ್ತದೆ, ಅದನ್ನು ಹೊಸಬರಿಗೆ ಹೇಳಿ.

ಆರೋಗ್ಯದ ಲೆಕ್ಕವೂ ಚೊಕ್ಕವಾಗಿರಲಿ. ರೇಬೀಸ್ ಲಸಿಕೆ ವರ್ಷದೊಳಗಿನದಾಗಿರಬೇಕು. ಜೀವನದ ಮೊದಲ ಲಸಿಕೆಯಾಗಿದ್ದರೆ ರಕ್ಷಣೆ ಬರಲು ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಕಳಿಸಬೇಡಿ. ಮರಿಗಳನ್ನು ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬೇರೆ ಮಾಡಲೇಬಾರದು. ಅವು ಹೋಗುವ ಮನೆಯಲ್ಲಿ ಕಳೆದ ಒಂದು ವರ್ಷದಲ್ಲಿ ಯಾವುದಾದರೂ ನಾಯಿ ರಕ್ತಭೇದಿಯಾಗಿ ಸತ್ತಿದೆಯೇ ಎಂದು ಕೇಳಿ. ಈ ರಕ್ತಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, 16 ವಾರದವರೆಗಿನ ಲಸಿಕೆಗಳ ಸರಣಿ ಮುಗಿಯದ ಮರಿ ಅಲ್ಲಿಗೆ ಹೋದರೆ ಉಳಿಯುವುದು ಕಷ್ಟ.

ಉಣ್ಣಿಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. ನಮ್ಮ ಕಡೆ ಕೊಟ್ಟಿಗೆ, ಕಲ್ಲಿನ ಗೋಡೆ, ಹುಲ್ಲಿನ ಬಣವೆ ಎಲ್ಲ ಕಡೆ ಉಣ್ಣಿ. ಅದರಿಂದ ಬರುವ ಎರ್ಲಿಕಿಯಾ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿದು ಒಸಡು ಬಿಳಚಿಕೊಳ್ಳುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಕೊಡುವ ಮುನ್ನ ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ಹೊರಡುವ ಎರಡು ದಿನ ಮುಂಚೆ ಉಣ್ಣಿ ತಡೆಯುವ ಮಾತ್ರೆ ಕೊಡಿಸಿ. ತಿಂಗಳು ಬಾಳುವ ಮಾತ್ರೆಯೂ ಇದೆ, 12 ವಾರ ಬಾಳುವುದೂ ಇದೆ. ಯಾವುದು ಕೊಟ್ಟಿರಿ, ಯಾವತ್ತು ಎಂದು ಲಸಿಕೆಯ ಪುಸ್ತಕದಲ್ಲಿ ಬರೆದಿರಲಿ. ತೋಟದವರಿಗೆ ಒಂದು ಎಚ್ಚರಿಕೆ: ದನಕ್ಕೆಂದು ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ನಾಯಿಗೆ ಅಂದಾಜಿನಲ್ಲಿ ಚುಚ್ಚಬೇಡಿ. ಕೋಲಿ ಜಾತಿಯ ನಾಯಿಗಳಲ್ಲೂ ಕೆಲವು ಶೆಫರ್ಡ್‌ಗಳಲ್ಲೂ ಅದು ಮಿದುಳಿಗೆ ಏರಿ ಜೀವ ತೆಗೆಯುತ್ತದೆ.

ಕಚ್ಚಿದ ಚರಿತ್ರೆಯನ್ನು ಮುಚ್ಚಿಡಬೇಡಿ. ಈ ಪತ್ರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. "ಗುರ್ ಅನ್ನುತ್ತೆ ಅಷ್ಟೇ" ಎಂದು ಹೇಳಿ ಕೊಟ್ಟ ನಾಯಿ ಮೂರನೇ ದಿನ ಮಗುವಿನ ಕೆನ್ನೆಗೆ ಬಾಯಿ ಹಾಕಿದರೆ ಹಾಳಾಗುವುದು ಎರಡೂ ಬಾಳು. ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು, ಹಲ್ಲು ತಾಗಿದರೂ ಚರ್ಮ ಹರಿಯದಿರುವುದು, ಚರ್ಮ ಹರಿದು ರಕ್ತ ಬರುವುದು ಎಲ್ಲ ಒಂದೇ ಅಲ್ಲ. ಯಾವುದು, ಯಾರಿಗೆ, ಯಾವಾಗ, ಏನು ಮಾಡುತ್ತಿದ್ದಾಗ ಎಂದು ಬಿಡಿಸಿ ಬರೆಯಿರಿ. ಊಟದ ತಟ್ಟೆ ಮುಟ್ಟಿದಾಗ ಮಾತ್ರ ಕಚ್ಚುವ ನಾಯಿಯನ್ನು ದೊಡ್ಡವರೇ ಇರುವ ಮನೆ ಸಂಭಾಳಿಸಬಲ್ಲದು. ಮಕ್ಕಳಿಗೆ ಗಾಯ ಮಾಡಿದ ನಾಯಿ ಮಕ್ಕಳಿರುವ ಮನೆಗೆ ಹೋಗಕೂಡದು. ಇನ್ನೊಂದು ಮಾತು, ಕಳೆದ ಹತ್ತು ದಿನದಲ್ಲಿ ನಾಯಿ ಯಾರಿಗಾದರೂ ಕಚ್ಚಿದ್ದರೆ ಅದನ್ನು ಎಲ್ಲಿಗೂ ಸಾಗಿಸಬೇಡಿ. ರೇಬೀಸ್ ಇದೆಯೋ ಇಲ್ಲವೋ ತಿಳಿಯಲು ಹತ್ತು ದಿನ ಕಣ್ಣೆದುರಲ್ಲೇ ಇಟ್ಟುಕೊಂಡು ನೋಡಬೇಕು. ಕಚ್ಚಿಸಿಕೊಂಡವರು ಗಾಯವನ್ನು 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆ ಹತ್ತು ದಿನ ಮುಗಿಯಲಿ ಎಂದು ಲಸಿಕೆಗೆ ಕಾಯುವಂತಿಲ್ಲ.

ಹೊಸ ಮನೆಯನ್ನು ನೋಡದೆ ಕೊಡಬೇಡಿ. ಹೋದಾಗ ಮನೆಯ ಎಲ್ಲರೂ ಇರಲಿ, ಅಜ್ಜಿಯೂ ಸೇರಿ. ಬೇಡ ಎನ್ನುವವರು ಮಾತಾಡದೆ ಮೂಲೆಯಲ್ಲಿ ಕೂತಿರುತ್ತಾರೆ, ಅವರನ್ನೇ ಮೊದಲು ಕೇಳಿ. ರಾತ್ರಿ ಎಲ್ಲಿ ಮಲಗುತ್ತದೆ? ಮದುವೆ, ಜಾತ್ರೆ, ತಿರುಪತಿ ಎಂದು ಮೂರು ದಿನ ಮನೆ ಬಿಟ್ಟರೆ ಯಾರು ನೋಡುತ್ತಾರೆ? ಹಿಂದೆ ಸಾಕಿದ ನಾಯಿ ಏನಾಯಿತು? ಕೊನೆಯ ಪ್ರಶ್ನೆಯ ಉತ್ತರವೇ ಬಹಳ ಹೇಳುತ್ತದೆ. "ಎಲ್ಲೋ ಹೋಯ್ತು" ಎಂದು ಎರಡು ನಾಯಿಗಳ ಬಗ್ಗೆ ಹೇಳುವ ಮನೆಯಿಂದ ನಮಸ್ಕಾರ ಹೇಳಿ ಹೊರಡಿ. ಕಾಂಪೌಂಡು ಲ್ಯಾಬ್ರಡಾರ್‌ಗೆ ನಾಲ್ಕು ಅಡಿಯಾದರೂ ಇರಲಿ, ಶೆಫರ್ಡ್‌ಗೆ ಆರು ಅಡಿ ಬೇಕು. ಗೇಟಿನ ಕೆಳಗಿನ ಸಂದು ನೋಡಿ. ತಲೆ ತೂರಿದರೆ ಮೈಯೂ ತೂರುತ್ತದೆ.

ಜೊತೆಗೆ ಎರಡು ಪುಟ ಕೈಬರಹದಲ್ಲಿ ಬರೆದುಕೊಡಿ: ಊಟದ ಹೊತ್ತು, ಅಳತೆ, ಯಾವುದು ಒಗ್ಗುವುದಿಲ್ಲ, ಪಟಾಕಿಗೆ ಎಲ್ಲಿ ಅಡಗುತ್ತದೆ, ಯಾರನ್ನು ಕಂಡರೆ ಆಗುವುದಿಲ್ಲ. ಅದರ ಮಾತುಗಳನ್ನೂ ಬರೆಯಿರಿ. ಬಾಗೇಪಲ್ಲಿ, ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ನಿಮ್ಮ ಮನೆಯಲ್ಲಿ "ಸಿಟ್", "ನೋ", "ಬಾ ಚಿನ್ನ" ಎಂದು ಕೇಳಿ ಬೆಳೆದ ನಾಯಿಗೆ "ಕೂಚೋ" ಎಂದರೆ ಏನೂ ತಿಳಿಯದು. ಮಾತು ಕೇಳದ ಹಟಮಾರಿ ಎಂದು ಹೊಸಬರು ಏಟು ಹಾಕುತ್ತಾರೆ. ನೀವು ಏನು ಹೇಳುತ್ತಿದ್ದಿರಿ, ಹೇಳುವಾಗ ಕೈ ಹೇಗೆ ತೋರಿಸುತ್ತಿದ್ದಿರಿ ಎಂದು ಒಂದು ಪಟ್ಟಿ ಕೊಟ್ಟರೆ ಮೊದಲ ದಿನದಿಂದಲೇ ಅದಕ್ಕೆ ಮಾತು ಸಿಕ್ಕಂತಾಗುತ್ತದೆ. ಹೊರಗೆ ಹೋಗಬೇಕೆಂದರೆ ಅದು ಏನು ಮಾಡುತ್ತದೆ ಎಂಬುದನ್ನು ಮರೆಯದೆ ಬರೆಯಿರಿ. ಬಾಗಿಲ ಬಳಿ ಸುಮ್ಮನೆ ನಿಲ್ಲುವ ನಾಯಿಯ ಕೋರಿಕೆ ಹೊಸ ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ, ಅದು ಹಜಾರದಲ್ಲೇ ಉಚ್ಚೆ ಹೊಯ್ದು ಬೈಸಿಕೊಳ್ಳುತ್ತದೆ.

ಒಂದೇ ಸಲ ಕರೆತಂದು ಬಿಟ್ಟುಹೋಗಬೇಡಿ. ಹೊಸಬರು ಒಂದೆರಡು ಸಲ ನಿಮ್ಮ ಮನೆಗೆ ಬಂದು ಅದಕ್ಕೆ ಊಟ ಹಾಕಲಿ, ಒಮ್ಮೆ ನೀವು ಅದನ್ನು ಅಲ್ಲಿಗೆ ಕರೆದೊಯ್ದು ವಾಪಸ್ ಕರೆತನ್ನಿ, ಆಮೇಲೆ ಒಂದು ವಾರಾಂತ್ಯ ಅಲ್ಲಿ ಉಳಿಯಲಿ. ನಂತರ ಒಂದು ತಿಂಗಳ ಪರೀಕ್ಷಾವಧಿ. ಒಪ್ಪಂದವನ್ನು ಬಿಳಿ ಹಾಳೆಯ ಮೇಲೆ ಬರೆದು ಎರಡೂ ಕಡೆಯವರು ಸಹಿ ಹಾಕಿ: ನಾಯಿ ಹೊಂದದಿದ್ದರೆ ಯಾವಾಗ ಬೇಕಾದರೂ ಹಳೆಯ ಮನೆಗೇ ವಾಪಸು, ಮೂರನೆಯವರಿಗೆ ದಾಟಿಸುವಂತಿಲ್ಲ, ಮಾರುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಮೊದಲ ವರ್ಷದ ಲಸಿಕೆಯ ಖರ್ಚು ಯಾರದು. ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆಯನ್ನೂ ಬರೆದು, ನೋಂದಣಿಯಲ್ಲಿ ಹೆಸರು ಬದಲಿಸಿ. ಸಾಗಿಸುವಾಗ ನಾಯಿ ಪ್ರಯಾಣಕ್ಕೆ ಯೋಗ್ಯ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕೆಂದು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ.

ಹೊರಡುವ ದಿನ ಅದರ ಹಾಸಿಗೆಯನ್ನು ಒಗೆಯಬೇಡಿ, ಹಾಗೇ ಕೊಡಿ. ತಿನ್ನುತ್ತಿದ್ದ ಆಹಾರ ಹತ್ತು ದಿನಕ್ಕಾಗುವಷ್ಟು ಕೊಡಿ. ಹೊಸ ಊಟ ಮೊದಲ ಎರಡು ಮೂರು ದಿನ ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಮ್ಮೆಲೇ ಬದಲಿಸಿದರೆ ಭೇದಿ ಖಂಡಿತ. ರಾಗಿ ಮುದ್ದೆ ಕೊಡಬಹುದು, ಮುದ್ದೆ ಒಂದೇ ಸಾಲದು. 25 ಕಿಲೋ ತೂಗುವ ನಾಯಿಗೆ ದಿನಕ್ಕೆ ಎರಡು ಮೊಟ್ಟೆ, ಸುಮಾರು 250 ಗ್ರಾಂ ಮೂಳೆಯಿಲ್ಲದ ಕೋಳಿಮಾಂಸವಾದರೂ ಸೇರಬೇಕು, ಎರಡು ಹೊತ್ತಿಗೆ ಹಂಚಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ನಾಯಿ ತಪ್ಪಿಸಿಕೊಳ್ಳುವ ಅಪಾಯ ಹೆಚ್ಚಿರುವುದು ಮೊದಲ ಎರಡು ವಾರದಲ್ಲಿ. ಕಾರಿನ ಬಾಗಿಲು ತೆಗೆದ ಕ್ಷಣ, ಗೇಟು ತೆಗೆದ ಕ್ಷಣ, ಬೆದರಿ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಜಾರಿಸಿಕೊಂಡ ಕ್ಷಣ. ಅದಕ್ಕೇ ಕತ್ತಿಗೆ ಬೆಲ್ಟು, ಎದೆಗೆ ಹಾರ್ನೆಸ್, ಎರಡಕ್ಕೂ ಬೇರೆ ಬೇರೆ ಹಗ್ಗ. ಬೆಲ್ಟಿನ ಬಿಲ್ಲೆಯಲ್ಲಿ ಹೊಸಬರ ನಂಬರು, ನಿಮ್ಮ ನಂಬರು ಎರಡೂ ಇರಲಿ. ಎರಡು ವಾರ ಬೇಲಿಯೊಳಗೂ ಉದ್ದ ಹಗ್ಗದಲ್ಲೇ ಇರಲಿ. ತಪ್ಪಿಸಿಕೊಂಡ ನಾಯಿ ಬಂದ ದಿಕ್ಕಿಗೇ ಓಡಲು ನೋಡುತ್ತದೆ, ಆ ದಿಕ್ಕಿನಲ್ಲಿರುವುದು ರಾಷ್ಟ್ರೀಯ ಹೆದ್ದಾರಿ 44. ಗುಂಪು ಕಟ್ಟಿಕೊಂಡು ಬೆನ್ನಟ್ಟಬೇಡಿ, ಬೆನ್ನಟ್ಟಿದಷ್ಟೂ ದೂರ ಹೋಗುತ್ತದೆ. ಕೊನೆಗೆ ಕಂಡ ಜಾಗದಲ್ಲಿ ಅದರ ಹಾಸಿಗೆ, ನೀರು, ಊಟ ಇಡಿ. ಹಳೆಯ ಮನೆಯವರಿಗೆ ತಕ್ಷಣ ಫೋನ್ ಮಾಡಿ, ಅವರು ಬಂದು ಬೆಳಗಿನ ಜಾವ ಅಲ್ಲೇ ನೆಲದ ಮೇಲೆ ಕೂತು ಮೆಲ್ಲಗೆ ಹೆಸರು ಹಿಡಿದು ಮಾತಾಡುತ್ತಿರಲಿ. ಬಹಳ ಸಲ ಅಷ್ಟಕ್ಕೇ ಬಂದು ಮಡಿಲಿಗೆ ತಲೆ ಇಡುತ್ತದೆ.

ಮೊದಲ ಮೂರು ದಿನ ಊಟ ಬಿಡಬಹುದು, ಮೂಲೆ ಹಿಡಿಯಬಹುದು. ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು ಬೇಕೆಂದು ಬಲ್ಲವರು ಹೇಳುತ್ತಾರೆ. ನಾಲ್ಕು ವಾರದವರೆಗೆ ನೀವು ನೋಡಲು ಹೋಗದಿದ್ದರೆ ಒಳ್ಳೆಯದು. ನಿಮಗೆ ಕಷ್ಟ, ಗೊತ್ತು. ನೀವು ಬಂದು ಮತ್ತೆ ಹೊರಟಾಗ ಅದು ಎರಡನೆಯ ಸಲ ಕಳೆದುಕೊಳ್ಳುತ್ತದೆ. ಅಷ್ಟು ದಿನ ಫೋನಿನಲ್ಲಿ ಫೋಟೊ ತರಿಸಿಕೊಳ್ಳಿ.

ತೋಟದ ಮಾಲೀಕರಲ್ಲಿ ಒಂದು ಕೋರಿಕೆ. ನಿಮಗೆ ಬೇಕಿರುವುದು ಕಾವಲಾದರೆ ಪಟ್ಟಣದ ಸೋಫಾ ಮೇಲೆ ಬೆಳೆದ ನಾಯಿಯನ್ನು ಒಪ್ಪಿಕೊಳ್ಳಬೇಡಿ. ನಿಮ್ಮ ಊರಿನಲ್ಲೇ ಹುಟ್ಟಿದ ನಾಟಿ ಮರಿ ತನ್ನಿ, ಲಸಿಕೆ ಹಾಕಿಸಿ, ಆಪರೇಷನ್ ಮಾಡಿಸಿ. ಇಲ್ಲಿನ ಬಿಸಿಲು, ಇಲ್ಲಿನ ನೆಲ ಅದಕ್ಕೆ ಗೊತ್ತು. ಸ್ನೇಹಿತರ ದಾಕ್ಷಿಣ್ಯಕ್ಕೆ "ಆಯ್ತು, ಬಿಟ್ಟು ಹೋಗಿ" ಎಂದು ಫೋನಿನಲ್ಲಿ ಹೇಳುವುದು ಬೇಡ.

ಇನ್ನು ತೋಟವೂ ಸಿಗದೆ ಹೆದ್ದಾರಿಯ ಪಕ್ಕ, ಬೆಟ್ಟದ ದಾರಿಯಲ್ಲಿ ಇಳಿಸಿ ಹೋಗುವವರಿಗೆ. ಬೀದಿನಾಯಿಗಳ ಪ್ರತಿ ಗುಂಪಿಗೂ ಅದರದೇ ಗಡಿ ಇರುತ್ತದೆ. ಬೆಲ್ಟು ಹಾಕಿದ, ಜಗಳ ಗೊತ್ತಿಲ್ಲದ, ಹೊರಗೆ ಹುಡುಕಿ ತಿನ್ನಲು ಬಾರದ ನಿಮ್ಮ ನಾಯಿಯನ್ನು ಅವು ಒಂದು ರಾತ್ರಿಯೂ ನಿಲ್ಲಗೊಡುವುದಿಲ್ಲ. "ನಗರಸಭೆಯವರು ಹಿಡಿದು ಸಾಕುತ್ತಾರೆ" ಎಂಬುದೂ ತಪ್ಪು ತಿಳಿವಳಿಕೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿಯ ಸಮುದಾಯ ನಾಯಿಗಳಿಗಾಗಿ ಇರುವವು. ಸಾಕುನಾಯಿಯ ಹೊಣೆ ಸಾಕಿದವರದೇ ಎಂದು ಆ ನಿಯಮಗಳೇ ಹೇಳುತ್ತವೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ಮೊತ್ತ ಬದಲಾಗಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಬದಲಾಗುವವರೆಗೂ ಪ್ರಕರಣವನ್ನಾದರೂ ದಾಖಲಿಸಬಹುದಲ್ಲ.

ಮಾನ್ಯ ಅಧಿಕಾರಿಗಳೇ, ಹೊಸ ಕಟ್ಟಡ, ದೊಡ್ಡ ಅನುದಾನ ನಾವು ಕೇಳುತ್ತಿಲ್ಲ. ಜಿಲ್ಲೆಯ ಪ್ರತಿ ತಾಲೂಕು ಪಶು ಆಸ್ಪತ್ರೆಗೆ ಒಂದು ಮೈಕ್ರೋಚಿಪ್ ಸ್ಕ್ಯಾನರ್ ಕೊಡಿಸಿ. ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರ ಅದು. ಬಿಟ್ಟುಹೋದ ನಾಯಿಯ ಹೆಗಲ ಮೇಲೆ ಆಡಿಸಿದರೆ ಚಿಪ್‌ನ ಸಂಖ್ಯೆ ಕಾಣುತ್ತದೆ, ನೋಂದಣಿಯಲ್ಲಿ ಆ ಸಂಖ್ಯೆಯ ಎದುರು ಸಾಕಿದವರ ಹೆಸರಿರುತ್ತದೆ. ನಗರಸಭೆ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ಸಾಕುನಾಯಿಗೊಂದು ನೋಂದಣಿ ಪುಸ್ತಕ ತೆರೆಯಿರಿ, ಹೊರ ಜಿಲ್ಲೆಯಿಂದ ಬಂದ ನಾಯಿಯಾದರೆ ಕೊಟ್ಟವರ ವಿವರ, ತೆಗೆದುಕೊಂಡವರ ವಿವರ ಎರಡೂ ಅದರಲ್ಲಿರಲಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ನಡೆಯುವ ಉಚಿತ ಲಸಿಕಾ ಶಿಬಿರವನ್ನು ಹೋಬಳಿ ಮಟ್ಟಕ್ಕೂ ತನ್ನಿ. ತೋಟದ ಕೆಲಸದವರು ಜಿಲ್ಲಾ ಕೇಂದ್ರದವರೆಗೆ ನಾಯಿ ಹಿಡಿದುಕೊಂಡು ಬರಲಾರರು. ತಿಂಗಳಿಗೊಂದು ಭಾನುವಾರ ಜಿಲ್ಲಾ ಪಶು ಆಸ್ಪತ್ರೆಯ ಆವರಣವನ್ನು ಬೆಳಗ್ಗೆ ನಾಲ್ಕು ತಾಸು ಬಿಟ್ಟುಕೊಡಿ. ಕೊಡುವವರು, ತೆಗೆದುಕೊಳ್ಳುವವರು ವೈದ್ಯರ ಎದುರಿನಲ್ಲೇ ಭೇಟಿಯಾಗಲಿ, ಕಾಗದ ಪತ್ರ ಅಲ್ಲೇ ಆಗಲಿ. ಮೇಜು ಹಾಕುವುದು, ಅರ್ಜಿ ಬರೆದುಕೊಡುವುದು, ಆಮೇಲೆ ತೋಟಗಳಿಗೆ ಹೋಗಿ ನೋಡಿ ಬರುವುದು ನಮ್ಮ ಜವಾಬ್ದಾರಿ. ಕೃಷಿ ಹೊಂಡಕ್ಕೆ ಸಹಾಯಧನ ಕೊಡುವಾಗ ಬೇಲಿಯ ಜೊತೆಗೆ ಹತ್ತಿಬರುವ ಹಗ್ಗದ ಬಲೆಯೂ ಇದೆಯೇ ಎಂದು ಸ್ಥಳ ಪರಿಶೀಲನೆಯಲ್ಲಿ ನೋಡುವಂತೆ ಕೃಷಿ ಇಲಾಖೆಗೂ ಒಂದು ಪತ್ರ ಬರೆಯಿರಿ.

ಈ ಪತ್ರದ ಪ್ರತಿಯನ್ನು ಮೂರೂ ಕಚೇರಿಗಳ ಟಪಾಲು ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯುತ್ತೇವೆ. ಭಾನುವಾರದ ಆವರಣದ ಬಗ್ಗೆ ಲಿಖಿತ ಉತ್ತರ ಬಂದರೆ, ಅದರ ಮುಂದಿನ ತಿಂಗಳಿನಿಂದಲೇ ಶುರುಮಾಡಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಚಿಕ್ಕಬಳ್ಳಾಪುರ ಜಿಲ್ಲೆಯ ನಾಯಿ ಪಾಲಕರು